ಬದಲಿ ಪದದ ಪರೀಕ್ಷೆ: ಇಂಗ್ಲಿಷ್ ಶಿಕ್ಷಕರ ತರಬೇತಿಯಲ್ಲಿ ಶೈಲಿಶಾಸ್ತ್ರದ ಪಾಠ

ಬಿ.ಎಡ್. ಪ್ರಶಿಕ್ಷಣಾರ್ಥಿಗಳು ಬರೆಯುವ ಇಂಗ್ಲಿಷ್ ಪದ್ಯಪಾಠದ ಯೋಜನೆಗಳನ್ನು ತಿದ್ದುವ ಎಲ್ಲರಿಗೂ ಅವುಗಳ ಕ್ರಮ ಬಾಯಿಪಾಠವಾಗಿರುತ್ತದೆ. ಕವಿಪರಿಚಯ, ಆದರ್ಶ ವಾಚನ, ಕಠಿಣ ಪದಗಳ ಅರ್ಥ, ಸಾರಾಂಶ, ಕೊನೆಗೆ ಅಲಂಕಾರ ಗುರುತಿಸುವ ಒಂದೆರಡು ಪ್ರಶ್ನೆ. ಉಪಮೆ ಎಲ್ಲಿದೆ, ಅನುಪ್ರಾಸ ಎಲ್ಲಿದೆ ಎಂದು ಮಕ್ಕಳು ಬೆರಳಿಟ್ಟು ತೋರಿಸಿದರೆ ಪಾಠ ಮುಗಿದ ಹಾಗೆ. ಆ ಉಪಮೆ ಅಲ್ಲಿ ಇಲ್ಲದಿದ್ದರೆ ಪದ್ಯಕ್ಕೆ ಏನಾಗುತ್ತಿತ್ತು ಎಂಬ ಪ್ರಶ್ನೆ ಯೋಜನೆಯ ಯಾವ ಕಲಮಿನಲ್ಲೂ ಬರುವುದಿಲ್ಲ. ಸಾರಾಂಶವನ್ನು ಪದ್ಯ ಓದದೆಯೂ ಕಲಿಯಬಹುದು. ಅದಕ್ಕೆ ಗೈಡುಗಳಿವೆ. ಹೀಗಾಗಿ ಪದ್ಯದ ಭಾಷೆ ಮಾತ್ರ ಯಾರ ಕೈಯೂ ತಾಗದೆ ಉಳಿದುಬಿಡುತ್ತದೆ.

ಈ ಲೇಖನದ ವಾದ ಹೀಗಿದೆ: ಮುಂದೆ ಇಂಗ್ಲಿಷ್ ಕಲಿಸಲಿರುವವರಿಗೆ ಶೈಲಿಶಾಸ್ತ್ರ ಬೇಕಾಗಿರುವುದು ಸಾಹಿತ್ಯವನ್ನು ಸವಿಯುವುದಕ್ಕೆ ಮಾತ್ರವಲ್ಲ, ಮಕ್ಕಳ ನೋಟ್‌ಬುಕ್ ತಿದ್ದುವುದಕ್ಕೂ. ಎರಡು ಕೆಲಸಗಳಲ್ಲೂ ಶಿಕ್ಷಕ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಬೇರೆ ರೀತಿಯಲ್ಲೂ ಹೇಳಬಹುದಾಗಿದ್ದ ಮಾತನ್ನು ಈ ವ್ಯಕ್ತಿ ಹೀಗೇ ಏಕೆ ಹೇಳಿದ? ಈ ಪ್ರಶ್ನೆಯನ್ನು ಕಲಿಸುವುದಕ್ಕೆ ಕನ್ನಡದ ಮೂಲಕ ಹೋಗುವ ದಾರಿಯೇ ನಮ್ಮ ತರಗತಿಗಳಿಗೆ ಹೆಚ್ಚು ಹತ್ತಿರದ್ದು ಎಂಬುದು ವಾದದ ಇನ್ನೊಂದು ಭಾಗ.

ಇಂಗ್ಲಿಷ್ ಬೋಧನೆಯ ಜಗತ್ತಿನಲ್ಲಿ ಈ ವಿಚಾರವನ್ನು ಗಟ್ಟಿಯಾಗಿ ಮಂಡಿಸಿದವರು ಎಚ್.ಜಿ. ವಿಡೋಸನ್. ಸಾಹಿತ್ಯ ಬೋಧನೆ ಮತ್ತು ಶೈಲಿಶಾಸ್ತ್ರದ ಕುರಿತ ಅವರ ಪುಸ್ತಕ 1975ರಲ್ಲಿ ಬಂತು. ಭಾಷಾವಿಜ್ಞಾನಿ ಕೃತಿಯನ್ನು ಭಾಷೆಯ ಮಾದರಿಯಾಗಿ ನೋಡುತ್ತಾನೆ, ವಿಮರ್ಶಕ ಅದರೊಳಗಿನ ಸಂದೇಶವನ್ನು ಹುಡುಕುತ್ತಾನೆ. ಇವೆರಡರ ನಡುವೆ ನಿಂತು ಕೃತಿಯನ್ನು ಸಂವಹನವಾಗಿ, ಅಂದರೆ ನಡೆಯುತ್ತಿರುವ ಮಾತಾಗಿ ಓದುವುದು ಶೈಲಿಶಾಸ್ತ್ರ ಎಂಬುದು ಅವರ ನಿಲುವು. ಜೆಫ್ರಿ ಲೀಚ್ 1969ರಲ್ಲೇ ಇಂಗ್ಲಿಷ್ ಕಾವ್ಯಕ್ಕೆ ಭಾಷಾವೈಜ್ಞಾನಿಕ ಕೈಪಿಡಿ ಬರೆದಿದ್ದರು. 1981ರಲ್ಲಿ ಮಿಕ್ ಶಾರ್ಟ್ ಜೊತೆ ಸೇರಿ ಗದ್ಯಕ್ಕೂ ಅಂಥದೇ ಪುಸ್ತಕ ತಂದರು. ಪಠ್ಯವನ್ನು ಬೇಕೆಂದೇ ಬದಲಾಯಿಸಿ ಮೂಲದೊಂದಿಗೆ ಹೋಲಿಸುವ ಪದ್ಧತಿಯನ್ನು ರಾಬ್ ಪೋಪ್ 1995ರಲ್ಲಿ ವಿಸ್ತಾರವಾಗಿ ವಿವರಿಸಿದರು. ನಮ್ಮ ತರಬೇತಿಗೆ ಬಹಳ ಉಪಯೋಗವಾಗಬಲ್ಲದ್ದು ಈ ಕೊನೆಯದು.

ಈ ಬದಲಿ ಪರೀಕ್ಷೆ ಪಶ್ಚಿಮದಲ್ಲಿ ಹುಟ್ಟಿದ್ದೆಂದು ಪ್ರಶಿಕ್ಷಣಾರ್ಥಿಗಳು ತಿಳಿದರೆ ಅದು ದೊಡ್ಡ ನಷ್ಟ. ಸಾವಿರ ವರ್ಷದ ಹಿಂದೆ ಕಾಶ್ಮೀರದ ಕುಂತಕ ಇದನ್ನೇ ಮಾಡಿದ್ದಾನೆ. ಕಾಳಿದಾಸನ ಕುಮಾರಸಂಭವದ ಐದನೆಯ ಸರ್ಗದಲ್ಲಿ ವಟುವಿನ ವೇಷದಲ್ಲಿ ಬಂದ ಶಿವ ಪಾರ್ವತಿಯ ಮುಂದೆ ಶಿವನನ್ನೇ ಹಳಿಯುತ್ತಾನೆ. ಅಲ್ಲಿ ಕವಿ ಬಳಸಿದ ಹೆಸರು ಕಪಾಲಿ. ಪರಮೇಶ್ವರನಿಗೆ ಸಾವಿರ ಹೆಸರು ಸಿಗುವಾಗ ಇದೇ ಏಕೆ ಬಂತು ಎಂದು ಕುಂತಕ ಕೇಳುತ್ತಾನೆ. ತಲೆಬುರುಡೆ ಹಿಡಿದವನು ಎಂಬ ಜುಗುಪ್ಸೆ ಆ ಮಾತಿಗೆ ಬೇಕಾಗಿತ್ತು, ಉಳಿದ ಹೆಸರುಗಳಿಂದ ಅದು ಹುಟ್ಟುತ್ತಿರಲಿಲ್ಲ ಎಂಬುದು ಅವನ ಉತ್ತರ. ಹೆಸರು ಬದಲಾಯಿಸಿ ನೋಡು, ಏನು ಕಳೆದುಹೋಯಿತೆಂದು ಹೇಳು: ಇಡೀ ವಿಧಾನ ಇಷ್ಟರಲ್ಲೇ ಇದೆ.

ಕುಂತಕ ವಕ್ರತೆಯನ್ನು, ಅಂದರೆ ರೂಢಿಯ ಮಾತಿಗಿಂತ ಬೇರೆಯಾಗಿ ಹೇಳುವ ಸೊಗಸನ್ನು, ಆರು ಹಂತಗಳಲ್ಲಿ ಗುರುತಿಸುತ್ತಾನೆ: ವರ್ಣವಿನ್ಯಾಸ, ಪದಪೂರ್ವಾರ್ಧ, ಪ್ರತ್ಯಯ, ವಾಕ್ಯ, ಪ್ರಕರಣ, ಪ್ರಬಂಧ. ಧ್ವನಿಯಿಂದ ಹಿಡಿದು ಇಡೀ ಕೃತಿಯ ಕಟ್ಟಡದವರೆಗೆ ಭಾಷೆಯ ಮಟ್ಟಗಳನ್ನು ಹೀಗೆ ಜೋಡಿಸಿದ್ದನ್ನು ಇಂದಿನ ಶೈಲಿಶಾಸ್ತ್ರದ ಪಠ್ಯಪುಸ್ತಕಗಳ ಅಧ್ಯಾಯಗಳ ಪಕ್ಕದಲ್ಲಿಟ್ಟರೆ ವ್ಯತ್ಯಾಸಕ್ಕಿಂತ ಸಾಮ್ಯವೇ ಹೆಚ್ಚು. ಪ್ರತ್ಯಯಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟದ್ದಂತೂ ಕನ್ನಡದವರಿಗೆ ಹೆಚ್ಚು ಒಗ್ಗುವ ಮಾತು. ಅವನ ಗ್ರಂಥ ವಕ್ರೋಕ್ತಿಜೀವಿತವನ್ನು ಪರಿಷ್ಕರಿಸಿ ಇಂಗ್ಲಿಷ್ ಅನುವಾದದೊಂದಿಗೆ ಕೊಟ್ಟವರು ಕೆ. ಕೃಷ್ಣಮೂರ್ತಿ. 1977ರಲ್ಲಿ ಅದನ್ನು ಪ್ರಕಟಿಸಿದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಇಂಗ್ಲಿಷಿನಲ್ಲೇ ಸಿಗುವ, ನಮ್ಮ ನೆಲದಲ್ಲೇ ಅಚ್ಚಾದ ಈ ಗ್ರಂಥ ಇಂಗ್ಲಿಷ್ ಶಿಕ್ಷಕರ ತರಬೇತಿಯ ಓದುಪಟ್ಟಿಯಲ್ಲಿ ಇರಬೇಕೆಂದು ನಾನು ಬಲವಾಗಿ ನಂಬುತ್ತೇನೆ.

ಇನ್ನು ತರಗತಿಗೆ ಬರೋಣ. ಮೊದಲ ಪಾಠವನ್ನು ಸಾಹಿತ್ಯದಿಂದ ಆರಂಭಿಸುವ ಅಗತ್ಯವಿಲ್ಲ. ಕಪ್ಪುಹಲಗೆಯ ಮೇಲೆ ಮೂರು ವಾಕ್ಯ ಬರೆದರೆ ಸಾಕು: ‘ಷಿ ಓಪನ್ಡ್ ದ ಡೋರ್’, ‘ದ ಡೋರ್ ವಾಸ್ ಓಪನ್ಡ್’, ‘ದ ಡೋರ್ ಓಪನ್ಡ್’. ವ್ಯತ್ಯಾಸವೇನೆಂದು ಕೇಳಿದರೆ ಮೊದಲನೆಯದು ಕರ್ತರಿ, ಎರಡನೆಯದು ಕರ್ಮಣಿ ಎಂಬ ಉತ್ತರ ತಕ್ಷಣ ಬರುತ್ತದೆ. ಮೂರನೆಯದರ ಬಳಿ ತರಗತಿ ತಡವರಿಸುತ್ತದೆ, ಏಕೆಂದರೆ ಶಾಲೆಯ ವ್ಯಾಕರಣದ ಅಭ್ಯಾಸಗಳಲ್ಲಿ ಅದಕ್ಕೆ ಖಾನೆಯಿಲ್ಲ. ಅದೇ ಮೂರನ್ನು ಕನ್ನಡದಲ್ಲಿ ಬರೆಯಿಸಿ: ಅವಳು ಬಾಗಿಲು ತೆರೆದಳು, ಬಾಗಿಲನ್ನು ತೆರೆಯಲಾಯಿತು, ಬಾಗಿಲು ತೆರೆದುಕೊಂಡಿತು. ಕೊನೆಯ ವಾಕ್ಯದಲ್ಲಿ ಬಾಗಿಲ ಹಿಂದೆ ಯಾರೂ ಇಲ್ಲ, ಅಥವಾ ಇದ್ದವರು ಕಾಣುತ್ತಿಲ್ಲ. ದೆವ್ವದ ಕಥೆಗೆ ಯಾವ ವಾಕ್ಯ ಬೇಕು, ಪೊಲೀಸ್ ಪಂಚನಾಮೆಗೆ ಯಾವುದು ಬೇಕು ಎಂದು ಕೇಳಿದರೆ ಯಾರೂ ತಪ್ಪು ಹೇಳುವುದಿಲ್ಲ.

ಕನ್ನಡ ಮಾತೃಭಾಷೆಯವರಿಗೆ ಈ ಸೂಕ್ಷ್ಮ ಹುಟ್ಟಿನಿಂದ ಬಂದದ್ದು. ಗಾಜಿನ ಲೋಟ ಕೈಜಾರಿದ ಮಗು ‘ನಾನು ಒಡೆದೆ’ ಎನ್ನದೆ ‘ಅದೇ ಒಡೆದುಹೋಯ್ತು’ ಎನ್ನುತ್ತದೆ. ‘ಲಾಠಿ ಪ್ರಹಾರ ನಡೆಯಿತು’ ಎಂದು ಬರೆಯುವ ವರದಿಗೂ ‘ಪೊಲೀಸರು ಲಾಠಿ ಬೀಸಿದರು’ ಎಂದು ಬರೆಯುವ ವರದಿಗೂ ಇರುವ ದೂರ ಓದುಗನಿಗೆ ಗೊತ್ತು. ಅವನಿಗೆ ಸಿಟ್ಟು ಬಂತು, ಅವನು ಸಿಟ್ಟಾದ, ಅವನು ಸಿಟ್ಟು ಮಾಡಿಕೊಂಡ: ಈ ಮೂರರಲ್ಲಿ ಸಿಟ್ಟಿನ ಹೊಣೆ ಹೆಜ್ಜೆಹೆಜ್ಜೆಗೂ ಅವನ ಮೇಲೆ ಹೆಚ್ಚುತ್ತಾ ಹೋಗುತ್ತದೆ. ಚತುರ್ಥಿ ವಿಭಕ್ತಿಯಲ್ಲಿ ನಿಂತವನು ಅನುಭವಿಸುವವನು, ಪ್ರಥಮೆಯಲ್ಲಿ ನಿಂತವನು ಮಾಡುವವನು. ಬರುವ, ಆಗುವ, ಮಾಡುವ ಕ್ರಿಯೆಗಳನ್ನು ನಮ್ಮ ಭಾಷೆ ಇಷ್ಟು ನಿಚ್ಚಳವಾಗಿ ಬೇರೆಬೇರೆ ಇಡುವುದರಿಂದ, ಇಂಗ್ಲಿಷಿನಲ್ಲಿ ಇದೇ ವಿಷಯದ ಮೇಲೆ ನಡೆದ ಪ್ರಸಿದ್ಧ ವಿಶ್ಲೇಷಣೆಯೊಂದನ್ನು ಓದಲು ಪ್ರಶಿಕ್ಷಣಾರ್ಥಿ ಅರ್ಧ ಸಿದ್ಧವಾಗಿಯೇ ಬರುತ್ತಾನೆ.

ಆ ವಿಶ್ಲೇಷಣೆ ಎಂ.ಎ.ಕೆ. ಹ್ಯಾಲಿಡೇ ಅವರದು. 1971ರಲ್ಲಿ ಪ್ರಕಟವಾಯಿತು. ವಿಲಿಯಂ ಗೋಲ್ಡಿಂಗ್ 1955ರಲ್ಲಿ ಬರೆದ ‘ದಿ ಇನ್‌ಹೆರಿಟರ್ಸ್’ ಕಾದಂಬರಿಯ ಕೆಲವು ಭಾಗಗಳನ್ನು ಹ್ಯಾಲಿಡೇ ವಾಕ್ಯ ವಾಕ್ಯವಾಗಿ ಬಿಡಿಸಿ ನೋಡಿದರು. ಕಾದಂಬರಿಯ ಬಹುಭಾಗ ನಿಯಾಂಡರ್ತಾಲ್ ಕುಲದ ಲಾಕ್ ಎಂಬವನ ಕಣ್ಣಿನಿಂದ ಸಾಗುತ್ತದೆ. ಹೊಸ ಮನುಷ್ಯರ ಗುಂಪಿನವನೊಬ್ಬ ಅವನತ್ತ ಬಾಣ ಬಿಡುತ್ತಾನೆ. ಬಿಲ್ಲೆಂದರೇನೆಂದು ಲಾಕ್‌ಗೆ ತಿಳಿಯದು. ಅವನಿಗೆ ಕಾಣುವುದು ತಾನಾಗಿ ಗಿಡ್ಡವಾಗಿ ಮತ್ತೆ ಉದ್ದವಾಗುವ ಒಂದು ಕೋಲು. ಆಮೇಲೆ ಅವನ ಕಿವಿಯ ಪಕ್ಕದ ಮರದಲ್ಲಿ ಏನೋ ಸದ್ದಾಗುತ್ತದೆ. ಎಳೆದವನೂ ಇಲ್ಲ, ಗುರಿಯಿಟ್ಟವನೂ ಇಲ್ಲ.

ಹ್ಯಾಲಿಡೇ ತೋರಿಸಿದ್ದು ಇದರ ವ್ಯಾಕರಣವನ್ನು. ಲಾಕ್‌ನ ದೃಷ್ಟಿಯ ಭಾಗದಲ್ಲಿ ಅಕರ್ಮಕ ಕ್ರಿಯೆಗಳೇ ತುಂಬಿವೆ. ಕರ್ತೃಸ್ಥಾನದಲ್ಲಿ ಇಡೀ ಮನುಷ್ಯನಿಗಿಂತ ದೇಹದ ಅಂಗಗಳು, ನಿರ್ಜೀವ ವಸ್ತುಗಳು ಮತ್ತೆಮತ್ತೆ ಬರುತ್ತವೆ. ಯಾರೋ ಯಾವುದನ್ನೋ ಬದಲಾಯಿಸಿದರು ಎಂಬ ರೀತಿಯ ವಾಕ್ಯಗಳು ವಿರಳ. ಕಾದಂಬರಿಯ ಕೊನೆಯಲ್ಲಿ ಕಥನ ಹೊಸ ಮನುಷ್ಯರ ಕಡೆ ತಿರುಗಿದಾಗ ವಾಕ್ಯಗಳ ಸ್ವರೂಪವೇ ಬದಲಾಗುತ್ತದೆ: ಮನುಷ್ಯರು ಕರ್ತೃಗಳಾಗುತ್ತಾರೆ, ಅವರ ಕ್ರಿಯೆ ವಸ್ತುಗಳ ಮೇಲೆ ನಡೆಯುತ್ತದೆ. ಕಾರ್ಯಕಾರಣವನ್ನು ಕಾಣದ ಮನಸ್ಸು ಎಂಥದೆಂದು ಗೋಲ್ಡಿಂಗ್ ಎಲ್ಲೂ ವಿವರಿಸುವ ಗೋಜಿಗೆ ಹೋಗಿಲ್ಲ. ಕ್ರಿಯಾಪದಗಳ ಆಯ್ಕೆಯೇ ಆ ಕೆಲಸ ಮಾಡಿದೆ.

ಈ ಭಾಗವನ್ನು ತರಗತಿಯಲ್ಲಿ ಓದಿಸಿದ ಮೇಲೆ ಕನ್ನಡದಲ್ಲಿ ಎರಡು ರೀತಿ ಬರೆಯಲು ಹೇಳಬೇಕು. ಒಂದರಲ್ಲಿ ‘ಕೋಲು ಗಿಡ್ಡವಾಯಿತು’ ಎಂಬ ಜಾಡು, ಇನ್ನೊಂದರಲ್ಲಿ ‘ಅವನು ಹೆದೆ ಎಳೆದು ಬಾಣ ಬಿಟ್ಟ’ ಎಂಬ ಜಾಡು. ಎರಡನೆಯದನ್ನು ಬರೆದ ಕೂಡಲೇ ಲಾಕ್ ಮಾಯವಾಗಿ ನಮ್ಮಂಥ ತಿಳಿದವನೊಬ್ಬ ಆ ಜಾಗಕ್ಕೆ ಬಂದು ಕೂರುತ್ತಾನೆ. ಶೈಲಿ ಅರ್ಥಕ್ಕೆ ತೊಡಿಸಿದ ಒಡವೆ ಎಂಬ ಹಳೆಯ ಕಲ್ಪನೆ ಇಲ್ಲಿ ಬಿದ್ದುಹೋಗುತ್ತದೆ. ಯಾವ ಉಪನ್ಯಾಸಕ್ಕೂ ಇಷ್ಟು ಬೇಗ ಅದನ್ನು ಬೀಳಿಸುವ ಶಕ್ತಿಯಿಲ್ಲ.

ಹ್ಯಾಲಿಡೇ ಅದೇ ಲೇಖನದಲ್ಲಿ ಇನ್ನೊಂದು ಮುಖ್ಯ ವಿವೇಚನೆ ಮಾಡಿದ್ದಾರೆ. ಪಠ್ಯದಲ್ಲಿ ಎದ್ದು ಕಾಣುವುದೆಲ್ಲ ಶೈಲಿಯಲ್ಲ. ಕೃತಿಯ ಒಟ್ಟು ಅರ್ಥದೊಂದಿಗೆ ಸಂಬಂಧವಿದ್ದು, ಉದ್ದೇಶದಿಂದ ಎದ್ದು ಕಾಣುವುದು ಮಾತ್ರ ಶೈಲಿ. ಶಿಕ್ಷಕರಾಗುವವರಿಗೆ ಇದು ಅಮೂಲ್ಯವಾದ ಅಳತೆಗೋಲು, ಏಕೆಂದರೆ ಅವರ ದಿನದ ಕೆಲಸವೇ ರೂಢಿ ತಪ್ಪಿದ ವಾಕ್ಯಗಳಿಗೆ ಕೆಂಪು ಗೆರೆ ಎಳೆಯುವುದು. ಯಾವ ರೂಢಿಭಂಗ ತಪ್ಪು, ಯಾವುದು ಶೈಲಿ?

ಇದನ್ನು ಕೇಳಲು ರಾಜಾರಾವ್ ಅವರ ‘ಕಾಂತಾಪುರ’ಕ್ಕಿಂತ ಒಳ್ಳೆಯ ಪಠ್ಯ ಕನ್ನಡ ನಾಡಿನ ತರಗತಿಗೆ ಸಿಗಲಾರದು. ಹಾಸನದಲ್ಲಿ ಹುಟ್ಟಿದ ಲೇಖಕ, 1938ರಲ್ಲಿ ಬಂದ ಕಾದಂಬರಿ, ಕಥೆ ಹೇಳುವವಳು ಊರಿನ ಮುದುಕಿ ಅಚ್ಚಕ್ಕ. ಅವಳ ಇಂಗ್ಲಿಷ್ ವಾಕ್ಯಗಳು ‘ಆ್ಯಂಡ್’ ಎಂಬ ಕೊಂಡಿಯಿಂದ ಒಂದಕ್ಕೊಂದು ತಗಲಿಕೊಂಡು ಉಸಿರು ಬಿಡದೆ ಸಾಗುತ್ತವೆ. ಎದ್ದು, ಮುಖ ತೊಳೆದು, ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಒಲೆ ಹಚ್ಚಿದಳು ಎಂದು ಭೂತಕೃದಂತಗಳನ್ನು ಪೋಣಿಸಿ ಒಂದೇ ಪೂರ್ಣಕ್ರಿಯೆಯಲ್ಲಿ ನಿಲ್ಲಿಸುವ ಕನ್ನಡಿಗರ ಕಿವಿಗೆ ಈ ನಡಿಗೆ ಹೊಸದಲ್ಲ. ನಮ್ಮ ಕೃದಂತದ ಸರಪಳಿಗೆ ಇಂಗ್ಲಿಷಿನಲ್ಲಿ ಸಲೀಸಾದ ಸಮಾನ ರೂಪವಿಲ್ಲ. ಆ ವೇಗವನ್ನು ರಾಜಾರಾವ್ ‘ಆ್ಯಂಡ್’ ಮೂಲಕ ಸಾಧಿಸಿದರು ಎಂಬುದು ನನ್ನ ಓದು.

ಈಗ ಪ್ರಶಿಕ್ಷಣಾರ್ಥಿಗಳಿಗೆ ಅದರ ಒಂದು ಪುಟ ಕೊಟ್ಟು, ಶಾಲೆಯ ವ್ಯಾಕರಣ ಹೇಳುವಂತೆ ಚಿಕ್ಕಚಿಕ್ಕ ವಾಕ್ಯಗಳಾಗಿ ಒಡೆಯಿರಿ ಎನ್ನಬೇಕು. ಒಡೆದ ಪುಟ ವ್ಯಾಕರಣಶುದ್ಧವಾಗಿರುತ್ತದೆ. ಅಚ್ಚಕ್ಕನ ಉಸಿರು ಅದರಲ್ಲಿರುವುದಿಲ್ಲ. ಘಟನೆಗಳು ಒಂದರ ಮೇಲೊಂದು ಬಂದು ಊರಿನ ಮೇಲೆ ಬೀಳುವ ಅವಸರ ಹೋಗಿ, ಕಚೇರಿಯ ದಿನಚರಿಯಂತೆ ಒಂದೊಂದೂ ಬೇರೆ ನಿಲ್ಲುತ್ತದೆ. ‘ನಾವು’ ಎಂದು ಊರ ಹೆಂಗಸರೆಲ್ಲರ ಪರವಾಗಿ ಮಾತಾಡುವ ದನಿಯೂ ತೆಳುವಾಗುತ್ತದೆ. ಕಳೆದುಹೋದದ್ದನ್ನು ಇಂಥದೆಂದು ಹೆಸರಿಟ್ಟು ಹೇಳಲು ಬಂದರೆ ಅದು ಶೈಲಿಯ ವಿಶ್ಲೇಷಣೆ.

ಅದೇ ವಾರ ಎಂಟನೇ ತರಗತಿಯ ಹುಡುಗಿಯೊಬ್ಬಳು ಜಾತ್ರೆಯ ಬಗ್ಗೆ ಬರೆದ ಪ್ರಬಂಧದಲ್ಲಿ ಏಳೆಂಟು ‘ಆ್ಯಂಡ್’ ಬಂದರೆ ಏನು ಮಾಡಬೇಕು? ಸಿದ್ಧ ಉತ್ತರವಿಲ್ಲ, ಇರಲೂಬಾರದು. ಬೇರೆ ರೀತಿ ಬರೆಯಲು ಅವಳಿಗೆ ಬರುತ್ತದೆಯೇ ಎಂದು ಮೊದಲು ನೋಡಬೇಕು, ಬಾರದಿದ್ದರೆ ಕಲಿಸಬೇಕು. ಬಂದರೂ ಹೀಗೇ ಬರೆದಿದ್ದರೆ, ತೇರು ಎಳೆಯುವ ಗದ್ದಲದ ಸಾಲುಗಳಲ್ಲಿ ಅದು ಚೆನ್ನಾಗಿ ಕೂತಿದ್ದರೆ, ಗೆರೆ ಎಳೆಯದೆ ಅವಳನ್ನು ಕರೆದು ಮಾತಾಡಿಸಬೇಕು. ‘ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್’ ಎಂಬ ವಾಕ್ಯಕ್ಕೆ ಈ ರಿಯಾಯಿತಿ ಸಲ್ಲುವುದಿಲ್ಲ. ಅಲ್ಲಿ ಆಯ್ಕೆಯೇ ನಡೆದಿಲ್ಲ, ಮೇಲಾಗಿ ಆ ರೂಪ ಪಠ್ಯದಲ್ಲಿ ಯಾವ ಕೆಲಸವನ್ನೂ ಮಾಡುತ್ತಿಲ್ಲ. ಹೀಗೆ ವಿಂಗಡಿಸಬಲ್ಲ ಶಿಕ್ಷಕನಿಗೂ ಎಲ್ಲವನ್ನೂ ಒಂದೇ ಗೆರೆಯಲ್ಲಿ ಹೊಡೆಯುವ ಶಿಕ್ಷಕನಿಗೂ ಇರುವ ಅಂತರವನ್ನು ಮಕ್ಕಳ ಬರವಣಿಗೆ ವರ್ಷಗಟ್ಟಲೆ ಹೊತ್ತು ತಿರುಗುತ್ತದೆ.

ಶೈಲಿಶಾಸ್ತ್ರಕ್ಕೆ ಬಂದಿರುವ ಆಕ್ಷೇಪಗಳಲ್ಲಿ ತೂಕದ್ದು ಸ್ಟ್ಯಾನ್ಲಿ ಫಿಶ್ 1973ರಲ್ಲಿ ಎತ್ತಿದ್ದು. ಭಾಷೆಯ ರೂಪವನ್ನು ವರ್ಣಿಸುವುದು ಒಂದು ಕೆಲಸ, ಅದಕ್ಕೆ ಅರ್ಥ ಹಚ್ಚುವುದು ಇನ್ನೊಂದು. ಮೊದಲನೆಯದರಿಂದ ಎರಡನೆಯದಕ್ಕೆ ವಿಶ್ಲೇಷಕರು ಮನಬಂದಂತೆ ಜಿಗಿಯುತ್ತಾರೆ ಎಂದು ಅವರು ಹೇಳಿದರು. ಹ್ಯಾಲಿಡೇ ಅವರ ಗೋಲ್ಡಿಂಗ್ ಅಧ್ಯಯನವನ್ನೂ ಬಿಡಲಿಲ್ಲ. ಈ ಆಕ್ಷೇಪವನ್ನು ಪ್ರಶಿಕ್ಷಣಾರ್ಥಿಗಳಿಂದ ಮುಚ್ಚಿಡಬಾರದು. ‘ಸ’ಕಾರ ಮತ್ತೆಮತ್ತೆ ಬಂದಿದೆ, ಆದ್ದರಿಂದ ಹಾವಿನ ಭಾವ ಹುಟ್ಟುತ್ತದೆ ಎಂಬಂಥ ಉತ್ತರಗಳು ನಮ್ಮ ಉತ್ತರಪತ್ರಿಕೆಗಳಲ್ಲಿ ಧಾರಾಳವಾಗಿವೆ, ಫಿಶ್ ಹೇಳಿದ ಜಿಗಿತ ಇದೇ. ಬದಲಿ ಪರೀಕ್ಷೆ ಈ ದೋಷವನ್ನು ಪೂರ್ತಿ ನಿವಾರಿಸುವುದಿಲ್ಲ, ಕಡಿಮೆ ಮಾಡುತ್ತದೆ. ಮೊದಲು ಓದುಗನಾಗಿ ತನಗಾದ ಅನುಭವವನ್ನು ಬರೆಯಬೇಕು, ಆಮೇಲೆ ಅದಕ್ಕೆ ಕಾರಣವೆನಿಸಿದ ರೂಪವನ್ನು ತೋರಿಸಬೇಕು, ಕೊನೆಗೆ ಆ ರೂಪವನ್ನು ಬದಲಾಯಿಸಿ ಅನುಭವವೂ ಬದಲಾಯಿತೇ ಎಂದು ಪಕ್ಕದವರಿಗೆ ಓದಿಸಿ ಕೇಳಬೇಕು. ಬದಲಾಗದಿದ್ದರೆ ವಾದವನ್ನು ಕೈಬಿಡಬೇಕು. ಕೈಬಿಡಲು ಕಲಿಸುವುದೂ ತರಬೇತಿಯ ಭಾಗವೇ.

ಇದಕ್ಕೆಲ್ಲ ಸಮಯವೆಲ್ಲಿ ಎಂಬ ಪ್ರಶ್ನೆ ನ್ಯಾಯವಾದದ್ದು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಗಳ ನಂತರ ಬಿ.ಎಡ್. ಎರಡು ವರ್ಷದ್ದಾಗಿದೆ. ಅದರೊಂದಿಗೆ ಬಂದ ಪಠ್ಯಕ್ರಮದ ಚೌಕಟ್ಟಿನಲ್ಲಿ ಪಠ್ಯಗಳನ್ನು ಓದಿ ಚಿಂತಿಸುವ ಒಂದು ಪ್ರಾಯೋಗಿಕ ವಿಷಯವಿದೆ, ಎಲ್ಲ ವಿಷಯಗಳಲ್ಲಿ ಭಾಷೆಯ ಪಾತ್ರವನ್ನು ನೋಡುವ ಒಂದು ಪತ್ರಿಕೆಯಿದೆ, 20 ವಾರಗಳ ಶಾಲಾನುಭವವಿದೆ. ಬಹುಭಾಷಿಕತೆಯನ್ನು ತರಗತಿಯ ಸಂಪನ್ಮೂಲವಾಗಿ ನೋಡಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದ್ದರಿಂದ, ಇಂಗ್ಲಿಷ್ ಪಾಠದಲ್ಲಿ ಕನ್ನಡ ವಾಕ್ಯ ಬರೆಯಿಸಲು ಯಾರೂ ಅಂಜಬೇಕಿಲ್ಲ. ಅರ್ಥಕ್ಕಾಗಿ ತಲೆ ಓಡಿಸುವ ಕೆಲಸ ಕೊಟ್ಟರೆ ಭಾಷೆ ತಾನಾಗಿ ಕೂಡಿಬರುತ್ತದೆ ಎಂಬ ನಂಬಿಕೆಯ ಮೇಲೆ ಎನ್.ಎಸ್. ಪ್ರಭು 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಜಗತ್ತಿಗೆಲ್ಲ ಬೆಂಗಳೂರಿನ ಹೆಸರಿನಲ್ಲೇ ಪರಿಚಿತ. ಬದಲಿ ಪರೀಕ್ಷೆಯೂ ಅಂಥದೇ ತಲೆ ಓಡಿಸುವ ಕೆಲಸ.

ಕೊರತೆಯಿರುವುದು ಮೌಲ್ಯಮಾಪನದಲ್ಲಿ. ಅಲಂಕಾರದ ಹೆಸರು ಬರೆದರೆ ಅಂಕ ಸಿಗುವವರೆಗೆ ಶಿಕ್ಷಕರು ಹೆಸರನ್ನೇ ಕಲಿಸುತ್ತಾರೆ, ಅವರನ್ನು ದೂರುವಂತಿಲ್ಲ. ಆದ್ದರಿಂದ ಬಿ.ಎಡ್. ಪಠ್ಯಕ್ರಮ ರೂಪಿಸುವ ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಗಳಿಗೆ ಒಂದು ಮನವಿ. ಇಂಗ್ಲಿಷ್ ಬೋಧನಾಶಾಸ್ತ್ರದ ಆಂತರಿಕ ಅಂಕಗಳಲ್ಲಿ ಒಂದು ಭಾಗವನ್ನು ಇದಕ್ಕಾಗಿ ತೆಗೆದಿಡಿ. ಪ್ರಶಿಕ್ಷಣಾರ್ಥಿ ಶಾಲೆಯ ಪಠ್ಯಪುಸ್ತಕದ ಒಂದು ಪದ್ಯವನ್ನೂ ತನ್ನದೇ ತರಗತಿಯ ಮಗುವೊಂದು ಬರೆದ ಒಂದು ಪುಟವನ್ನೂ ತೆಗೆದುಕೊಂಡು, ಎರಡರಲ್ಲೂ ಒಂದೊಂದು ಆಯ್ಕೆಯನ್ನು ಬದಲಾಯಿಸಿ, ಏನು ಬದಲಾಯಿತೆಂದು ಬರೆದುಕೊಡಲಿ. ಬರೆಯುವ ಭಾಷೆ ಇಂಗ್ಲಿಷ್ ಆದರೂ ಸರಿ, ಕನ್ನಡವಾದರೂ ಸರಿ.