ಠಾಣೆಯ ಮಣ್ಣಿನಲ್ಲಿ 'ನನ್ನಿಸಮುದ್ರ'

ಮಾಯವಾದ ನಾಗರಿಕತೆ ಎಂದೊಡನೆ ನಮಗೆ ಹರಪ್ಪ, ಮೊಹೆಂಜೊದಾರೊ ನೆನಪಾಗುತ್ತವೆ. ಆದರೆ ನಾವು ದಿನವೂ ಲೋಕಲ್‌ನಲ್ಲಿ ಹಾದುಹೋಗುವ ಠಾಣೆ, ಕಲ್ಯಾಣಗಳಲ್ಲೇ ಒಂದು ರಾಜ್ಯ ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲ ಬಾಳಿ ಮರೆಯಾಗಿದೆ. ಅದು ಉತ್ತರ ಕೊಂಕಣದ ಶಿಲಾಹಾರರದ್ದು. ಅವರ ಶಾಸನಗಳಲ್ಲಿ ಬರುವ 'ಸ್ಥಾನಕ'ವೇ ಇಂದಿನ ಠಾಣೆ.

1787ರಲ್ಲಿ ಠಾಣೆಯ ಕೋಟೆಯೊಳಗೆ ಪಾಯ ತೋಡುವಾಗ ತಾಮ್ರಪಟಗಳು ಸಿಕ್ಕವು. ಅವು ಅರಿಕೇಸರಿ ಎಂಬ ಶಿಲಾಹಾರ ಅರಸ 1017ರಲ್ಲಿ ಬರೆಸಿದ ದಾನಶಾಸನ. ಆ ಕೋಟೆಯೇ ಈಗ ಸೆಂಟ್ರಲ್ ಜೈಲು. ಈ ವಂಶದ ತಾಮ್ರಪಟಗಳ ಭಾಷೆ ಸಂಸ್ಕೃತ. ಆದರೆ ಅರಸರ ಬಿರುದುಗಳ ಸಾಲಿನಲ್ಲಿ 'ನನ್ನಿಸಮುದ್ರ'ದಂಥ ಪದಗಳು ಎದುರಾಗುತ್ತವೆ. 'ನನ್ನಿ' ಎಂದರೆ ಹಳಗನ್ನಡದಲ್ಲಿ ಸತ್ಯ. ಕೊಂಕಣದ ಅರಸರಿಗೆ ಕನ್ನಡದ ಬಿರುದೇಕೆ?

ಉತ್ತರದ ಒಂದು ತುದಿ ಕಾನ್ಹೇರಿ ಗುಹೆಗಳಲ್ಲಿದೆ. ಅಲ್ಲಿನ 9ನೆಯ ಶತಮಾನದ ಶಾಸನಗಳಲ್ಲಿ ಶಿಲಾಹಾರರ ಹೆಸರಿನ ಜೊತೆಗೆ ಅವರ ಸಾರ್ವಭೌಮ ಅಮೋಘವರ್ಷನ ಹೆಸರೂ ಇದೆ. ಮಾನ್ಯಖೇಟದಿಂದ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ, 'ಕವಿರಾಜಮಾರ್ಗ'ದ ನೃಪತುಂಗನೇ ಈತ. ಒಡೆಯರ ಆಸ್ಥಾನದ ನುಡಿ ಸಾಮಂತರ ಬಿರುದಾಯಿತು. ಹಾಗೆಂದು ಇದನ್ನು 'ನಮ್ಮದು' ಎಂದು ಬೀಗಬೇಕಿಲ್ಲ. ಮರಾಠಿಯ ಅತಿ ಹಳೆಯ ಶಾಸನಗಳಲ್ಲೊಂದಾದ ಅಕ್ಷಿ ಶಾಸನವೂ ಶಿಲಾಹಾರರದೇ. ಒಂದೇ ರಾಜ್ಯದಲ್ಲಿ ಸಂಸ್ಕೃತ, ಕನ್ನಡ, ಮರಾಠಿ ಮೂರಕ್ಕೂ ಜಾಗವಿತ್ತು.

ಈ ರಾಜ್ಯದ ಕೊನೆ ನಿಗೂಢವೇನಲ್ಲ. 1265ರ ಸುಮಾರಿಗೆ ದೇವಗಿರಿಯ ಯಾದವ ದೊರೆ ಮಹಾದೇವನ ವಿರುದ್ಧ ಕಡಲಲ್ಲಿ ಕಾದಿ ಕೊನೆಯ ಅರಸ ಸೋಮೇಶ್ವರ ನೀರುಪಾಲಾದ. ಅರಸೊತ್ತಿಗೆ ಹೋಯಿತು, ಜನ ಇಲ್ಲೇ ಉಳಿದರು. ಕಲ್ಯಾಣದಿಂದ ಮೂರನೆಯ ಸ್ಟೇಷನ್ ಅಂಬರನಾಥದಲ್ಲಿ ಮುಮ್ಮುಣಿಯ ಕಾಲದ, 1060ರ ಶಿವಾಲಯದಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಮಾಯವಾದದ್ದು ಕಟ್ಟಿಸಿದವರ ನೆನಪು ಮಾತ್ರ.

ನನ್ನ ವೃತ್ತಿಯಲ್ಲಿ ಹಳೆಯ ಸಿಸ್ಟಮ್ ಮುಚ್ಚುವ ಮೊದಲು ಅದರ ದಾಖಲೆಗಳನ್ನು ತೆಗೆದಿಡಬೇಕೆಂಬ ನಿಯಮವಿದೆ. ಈ ಊರುಗಳು ಹಾಗೆ ಹಸ್ತಾಂತರವಾಗಲಿಲ್ಲ. ದಾಖಲೆ ಮಣ್ಣಿನಲ್ಲೇ ಉಳಿಯಿತು. ಅಂದು ಒಂದು ಪಾಯದಲ್ಲಿ ಹಾರೆಗೆ ತಾಗಿದ ತಾಮ್ರ ಇಡೀ ವಂಶದ ಗುರುತು ತೆರೆಯಿತು. ಇಂದು ಘೋಡಬಂದರ್‌ನಿಂದ ಡೊಂಬಿವಲಿಯವರೆಗೆ ಟವರುಗಳಿಗಾಗಿ ಜೆಸಿಬಿಗಳು ಅಗೆಯುತ್ತಲೇ ಇವೆ. ಆ ಮಣ್ಣು ಲಾರಿಯೇರುವ ಮುನ್ನ ಯಾರಾದರೂ ಒಮ್ಮೆ ಕಣ್ಣಾಡಿಸಲಿ. ಸಂಸ್ಕೃತಿಯೊಂದು ನಿಜಕ್ಕೂ ಮಾಯವಾಗುವುದು ಆ ಲಾರಿಯ ಜೊತೆಗೇ.