ರುಮಾಲಿನಿಂದ ಗಣಕಯಂತ್ರಕ್ಕೆ

ಹಂಸಭಾವಿಯ ಹೊಲ ಇದ್ದಲ್ಲೇ ಇದೆ. ಬದಲಾದದ್ದು ಅದರ ವಿಳಾಸ. ಬ್ರಿಟಿಷರ ಕಾಲದ ಕಾಗದಗಳಲ್ಲಿ ಅದು ಮುಂಬಯಿ ಪ್ರಾಂತ, ಧಾರವಾಡ ಜಿಲ್ಲೆ, ಕೋಡ ತಾಲೂಕಿನದು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು, 1973ರಲ್ಲಿ ಆ ರಾಜ್ಯವೇ ಕರ್ನಾಟಕವಾಯಿತು, 1997ರಲ್ಲಿ ಜಿಲ್ಲೆ ಹಾವೇರಿಯಾಯಿತು. ತಾಲೂಕು ಈಗ ಹಿರೇಕೆರೂರು. ಇಷ್ಟು ಚರಿತ್ರೆ ತಿಳಿಯದೆ ಹುಡುಕಹೊರಟವನಿಗೆ ಅಜ್ಜನ ಕಾಗದ ಇದ್ದೂ ಇಲ್ಲದಂತೆಯೇ.

ದಾಖಲೆ, ದಫ್ತರ, ನಕಲು, ತಹಶೀಲ್ದಾರ – ಇವೆಲ್ಲ ಅರಬ್ಬಿ, ಪಾರಸಿ ಮೂಲದ ಮಾತುಗಳೆಂದು ನಮ್ಮ ರೈತನಿಗೆ ಯಾರೂ ಹೇಳಬೇಕಿಲ್ಲ. ಅವು ಅವನ ಮನೆಮಾತಾಗಿ ಎಷ್ಟೋ ಕಾಲವಾಯಿತು. ಹಾಗೆಯೇ ರುಮಾಲು. ಕಾಗದಗಳನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿದ ಗಂಟಿಗೂ ಅದೇ ಹೆಸರು. ಪುಣೆಯ ಪೇಶ್ವೆ ದಫ್ತರದಲ್ಲಿ ಅಂಥ ರುಮಾಲುಗಳು ಸಾವಿರಾರು. ಅವುಗಳಲ್ಲಿನ ಬರಹ ಬಹುಪಾಲು ಮೋಡಿ ಲಿಪಿಯದು. ಇಂದು ಅದನ್ನು ಓದಬಲ್ಲವರು ಬೆರಳೆಣಿಕೆಯ ಜನ.

ಕಾಗದದ ಬೆಲೆ ಈ ಸೀಮೆಗೆ ಕಟುವಾಗಿ ತಿಳಿದದ್ದು 1852ರ ಕಾಯಿದೆಯ ಇನಾಮ್ ಕಮಿಷನ್ ಕಾಲದಲ್ಲಿ. ಹಿಂದಿನ ಅರಸರು ಕೊಟ್ಟ ಇನಾಮು ಜಮೀನುಗಳ ಹಕ್ಕನ್ನು ಅದು ಪರಿಶೀಲಿಸಿತು. ತಲೆಮಾರುಗಳಿಂದ ಉಂಡು ಬಂದವರಲ್ಲಿ ಅನೇಕರು ಪುರಾವೆ ಸಾಲದೆ ಇನಾಮು ಕಳೆದುಕೊಂಡರು. ಸರಕಾರದ ಕೈಯಲ್ಲಿ ಪೇಶ್ವೆಯರ ದಫ್ತರವಿತ್ತು. ಮನೆಯವರ ಕೈಯಲ್ಲಿದ್ದುದು ಗೆದ್ದಲಿಗೆ ಅಂಜುತ್ತಿದ್ದ ಒಂದು ಪೆಟ್ಟಿಗೆ. ದಾಖಲೆಯನ್ನು ಜೋಡಿಸಿಟ್ಟವನದೇ ಮೇಲುಗೈ ಎಂಬುದು ಅಂದಿನ ಪಾಠ.

ಸುಮಾರು ಒಂದೂವರೆ ಶತಮಾನದ ತರುವಾಯ ಬಂದ ‘ಭೂಮಿ’ ಯೋಜನೆ ಆ ಮೇಲುಗೈಯನ್ನು ತುಸು ಸಡಿಲಿಸಿತು. ಸುಮಾರು 9,000 ಗ್ರಾಮಲೆಕ್ಕಿಗರ ಬಳಿ ಚದುರಿದ್ದ, ಸುಮಾರು 67 ಲಕ್ಷ ಭೂಹಿಡುವಳಿದಾರರ ಎರಡು ಕೋಟಿಯಷ್ಟು ಪಹಣಿಗಳು ಗಣಕಯಂತ್ರ ಸೇರಿದವು. ಲೆಕ್ಕಿಗನ ಮನೆ ಕಾಯುತ್ತಿದ್ದ ರೈತ ತಾಲೂಕು ಕೇಂದ್ರದಲ್ಲಿ 15 ರೂಪಾಯಿ ಕೊಟ್ಟು ಪಹಣಿ ಪಡೆದ. ಇದು ಸಣ್ಣ ಬಿಡುಗಡೆಯಲ್ಲ.

ಆದರೆ ಯಂತ್ರ ತಾನಾಗಿ ತಪ್ಪು ತಿದ್ದುವುದಿಲ್ಲ; ಕೊಟ್ಟದ್ದನ್ನು ಹಾಗೆಯೇ ಹಿಡಿದಿಡುತ್ತದೆ. ನಮ್ಮ ಹೆಸರುಗಳನ್ನೇ ನೋಡಿ. ಹುಸೇನಸಾಬ, ಹುಶೇನಸಾಬ, ಹುಸೇನ್ ಸಾಹೇಬ್ – ಊರಿನ ಕಣ್ಣಿಗೆ ಒಬ್ಬನೇ ಮನುಷ್ಯ, ಗಣಕಯಂತ್ರಕ್ಕೆ ಮೂವರು. ಉರ್ದುವಿನಲ್ಲಿ ಒಂದೇ ತೆರನಾಗಿ ಬರೆಯುವ ಹೆಸರನ್ನು ಕನ್ನಡದಲ್ಲಿ ಬರೆದುಕೊಂಡವರು ತಮಗೆ ಕೇಳಿಸಿದಂತೆ ಬರೆದರು. ನಮ್ಮ ಮನೆಯಲ್ಲೇ ತಂದೆಯವರ ಹೆಸರು ಮೂರು ಕಾಗದಗಳಲ್ಲಿ ಮೂರು ಬಗೆ. ಮೂವರೂ ಒಬ್ಬರೇ ಎಂದು ಸಾಧಿಸಲು ನಾವು ಅಫಿಡವಿಟ್ಟು ಹಿಡಿದು ಕಚೇರಿಯೊಂದರ ಮೆಟ್ಟಿಲು ಸವೆಸಿದೆವು. ಮಗನೇ ಎದುರು ನಿಂತಿದ್ದರೂ ಕಾಗದದ ಸಾಕ್ಷಿಯೇ ದೊಡ್ಡದಾಯಿತು.

ಇನ್ನೊಂದು ಅಪಾಯವಿದೆ. ಹಳೆಯ ನುಡಿ, ಬರಹ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಿಸಿದ ಕಡತವನ್ನು ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಎದ್ದು ಬರುತ್ತವೆ. ಮೋಡಿ ಓದುವವರು ಇಲ್ಲವಾಗಲು ಕೆಲವು ತಲೆಮಾರು ಬೇಕಾಯಿತು. ಇದಕ್ಕೆ ಇಪ್ಪತ್ತು ವರ್ಷ ಸಾಕಾಯಿತು. ವಿದ್ಯುನ್ಮಾನ ದಾಖಲೆಗೆ ಮಾನ್ಯತೆ ಕೊಟ್ಟ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ, ಅಂಥ ದಾಖಲೆ ಮುಂದೆಯೂ ತೆರೆದು ನೋಡುವಂತಿರಬೇಕೆಂಬ ಷರತ್ತನ್ನೂ ಹಾಕಿದೆ. ಉಳಿಸಿದರೆ ಸಾಲದು, ಓದಲೂ ಬರಬೇಕು.

ಶಾಲೆಯಿರಲಿ, ಸಹಕಾರಿ ಸಂಘವಿರಲಿ, ಮಠವಿರಲಿ, ಜಮಾತಿರಲಿ – ಕೆಲಸ ಆರಂಭವಾಗಬೇಕಾದದ್ದು ಸ್ಕ್ಯಾನರಿನಿಂದಲ್ಲ, ಒಂದು ಪಟ್ಟಿಯಿಂದ. ಯಾವ ಕಾಗದ, ಯಾವ ವರ್ಷದ್ದು, ಯಾವ ಲಿಪಿಯದು, ಯಾರ ವಶದಲ್ಲಿದೆ? ಮೂಲಕ್ಕೂ ಅದರ ಗಣಕಪ್ರತಿಗೂ ಒಂದೇ ಸಂಖ್ಯೆ ಇರಲಿ. ಪ್ರತಿ ಎರಡು ಕಡೆ ಇರಲಿ. ಹೆಸರಿನ ಬದಲಿ ರೂಪಗಳೂ ಊರಿನ ಹಳೆಯ ವಿಳಾಸವೂ ಪಟ್ಟಿಯಲ್ಲಿರಲಿ. ಸ್ಕ್ಯಾನಾಯಿತೆಂದು ಮೂಲವನ್ನು ರದ್ದಿಗೆ ಹಾಕುವುದು ಬೇಡ. ಉರ್ದು, ಮೋಡಿ ಬಲ್ಲ ಹಿರಿಯರು ಇರುವಾಗಲೇ ಅವರನ್ನು ಕೂರಿಸಿ ಓದಿಸಿಕೊಳ್ಳಬೇಕು.

ಕಾಗದವನ್ನು ಗೆದ್ದಲು ತಿನ್ನುತ್ತದೆ, ಗಣಕಪ್ರತಿಯನ್ನು ನಮ್ಮ ಮರೆವು ತಿನ್ನುತ್ತದೆ. ಎರಡಕ್ಕೂ ಮದ್ದು ಒಂದೇ: ಆಗಾಗ ರುಮಾಲು ಬಿಚ್ಚಿ ನೋಡುವುದು.