ದೌರ್ಜನ್ಯಕ್ಕೊಳಗಾದ ಮಹಿಳೆಗೆ ಆಸರೆ: ದಾವಣಗೆರೆ–ಹರಿಹರದಲ್ಲಿ ನೆರವಿನ ವ್ಯವಸ್ಥೆ ಬೆಳೆದು ಬಂದ ಬಗೆ

ಕೌಟುಂಬಿಕ ಹಿಂಸೆಗೂ ಲೈಂಗಿಕ ದೌರ್ಜನ್ಯಕ್ಕೂ ಒಳಗಾದ ಮಹಿಳೆಯರಿಗೆ ದೊರೆತ ನೆರವಿನ ಚರಿತ್ರೆಯನ್ನು ಸಾಮಾನ್ಯವಾಗಿ ಕಾಯ್ದೆಗಳ ಚರಿತ್ರೆಯಾಗಿಯೇ ಬರೆಯಲಾಗಿದೆ. ಆದರೆ ಕಾಯ್ದೆಯೊಂದು ದೆಹಲಿಯಲ್ಲಿ ಅಂಗೀಕಾರವಾಗುವುದಕ್ಕೂ ಅದರ ಫಲ ತಾಲ್ಲೂಕು ಕೇಂದ್ರದ ಹೆಣ್ಣುಮಗಳೊಬ್ಬಳಿಗೆ ದಕ್ಕುವುದಕ್ಕೂ ನಡುವೆ ಹಿರಿಯರ ಪಂಚಾಯಿತಿ, ಆಶ್ರಯ ನಿಲಯ, ಸಾಂತ್ವನ ಕೇಂದ್ರ, ಆಸ್ಪತ್ರೆ, ಠಾಣೆಗಳೆಂಬ ಹಲವು ಮೆಟ್ಟಿಲುಗಳಿವೆ. ದಾವಣಗೆರೆ ನಗರ ಮತ್ತು ಹರಿಹರವನ್ನು ಮುಂದಿಟ್ಟುಕೊಂಡು ನೋಡಿದರೆ ಈ ನೆರವು ಆಶ್ರಯ, ರಾಜಿ ಮತ್ತು ಹಕ್ಕು ಎಂಬ ಮೂರು ಘಟ್ಟಗಳಲ್ಲಿ ಬೆಳೆದಿರುವುದೂ, ಹೊಸ ಘಟ್ಟ ಬಂದಾಗ ಹಳೆಯದು ಅಳಿಯದೆ ಅದರೊಳಗೇ ಉಳಿದುಕೊಂಡಿರುವುದೂ ಕಾಣುತ್ತದೆ.

ಪಂಚಾಯಿತಿ ಮತ್ತು ಮಹಿಳಾ ನಿಲಯ

ಹತ್ತಿ ಗಿರಣಿಗಳಿಂದ ಬೆಳೆದ ದಾವಣಗೆರೆಯಲ್ಲಿಯೂ, 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾದ ಹರಿಹರದಲ್ಲಿಯೂ ದುಡಿಮೆ ಅರಸಿ ಬಂದ ಕುಟುಂಬಗಳು ತಮ್ಮ ಕುಲದ ಹಿರಿಯರ ನ್ಯಾಯವನ್ನೂ ಜೊತೆಗೆ ತಂದವು. ಗಂಡನ ಹೊಡೆತ ತಾಳಲಾರದೆ ತವರಿಗೆ ಬಂದವಳ ಪ್ರಕರಣವನ್ನು ದೈವಸ್ಥರೆನಿಸಿಕೊಂಡ ಜಾತಿಯ ಮುಖಂಡರು ಇಲ್ಲವೇ ಓಣಿಯ ಹಿರಿಯರು ಕೂಡಿ ಬಗೆಹರಿಸುತ್ತಿದ್ದರು. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯೇ ಅಲ್ಲಿ ಬಹುಪಾಲು ತೀರ್ಪಾಗಿದ್ದು, ಅವಳನ್ನು ಮರಳಿ ಗಂಡನ ಮನೆ ಸೇರಿಸುವುದೇ ನ್ಯಾಯದ ಗುರಿಯಾಗಿತ್ತು. ಈ ಪಂಚಾಯಿತಿ ಖರ್ಚಿಲ್ಲದೆ ಬೇಗ ಮುಗಿಯುತ್ತಿತ್ತು ಮತ್ತು ಗಂಡನಿಗೆ ಊರೆದುರು ಒಂದಿಷ್ಟು ಅಂಜಿಕೆ ಹುಟ್ಟಿಸುತ್ತಿತ್ತು. ಆದರೆ ಹೊಡೆತವನ್ನು ಅದು ಅಪರಾಧವೆಂದು ಎಣಿಸಲಿಲ್ಲ, ಲೈಂಗಿಕ ದೌರ್ಜನ್ಯವನ್ನಂತೂ ಮನೆತನದ ಮಾನದ ಪ್ರಶ್ನೆಯಾಗಿ ಮುಚ್ಚಿಹಾಕಿತು.

ಸರ್ಕಾರದ ಮೊದಲ ಉತ್ತರ ಆಶ್ರಯದ ರೂಪದ್ದು. ಕೇಂದ್ರ ಸಮಾಜ ಕಲ್ಯಾಣ ಮಂಡಳಿಯು 1954ರಲ್ಲಿ ನೇಮಿಸಿದ ಸಮಿತಿಯ ಶಿಫಾರಸಿನ ಬೆನ್ನಿಗೆ ರಾಜ್ಯಗಳಲ್ಲಿ ಆರಂಭವಾದ ಮಹಿಳಾ ನಿಲಯಗಳ ಪರಂಪರೆಗೆ ದಾವಣಗೆರೆಯ ರಾಜ್ಯ ಮಹಿಳಾ ನಿಲಯವೂ ಸೇರಿದ್ದು, ಈಗ ಅದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಅಧೀನದಲ್ಲಿದೆ. ಇಲ್ಲಿನ ನಿವಾಸಿಗಳಿಗೆ ಜಿಲ್ಲಾಡಳಿತದ ಅಧಿಕಾರಿಗಳೇ ಹೆತ್ತವರ ಸ್ಥಾನದಲ್ಲಿ ನಿಂತು ಮದುವೆ ಮಾಡಿಸಿದ ಪ್ರಸಂಗಗಳುಂಟು. ದಿಕ್ಕಿಲ್ಲದವಳಿಗೆ ಸರ್ಕಾರವೇ ತವರಾಗುವ ಈ ಕ್ರಮದಲ್ಲಿ ಕರುಣೆಯಿದೆ. ಆದರೆ ಮದುವೆಯೇ ಪುನರ್ವಸತಿಯ ಶಿಖರವೆಂಬ ಭಾವನೆಯೂ ಅದರಲ್ಲಿ ಅಡಗಿದೆ.

ಸಂಘಟನೆ ಮತ್ತು ಸಾಂತ್ವನ

ಎರಡನೆಯ ಘಟ್ಟಕ್ಕೆ ತಿರುವು ಕೊಟ್ಟದ್ದು ಮಹಿಳಾ ಚಳವಳಿ. ಪೊಲೀಸ್ ಠಾಣೆಯಲ್ಲೇ ನಡೆದ ಅತ್ಯಾಚಾರದ ಆರೋಪಿಗಳನ್ನು 1978ರಲ್ಲಿ ಸರ್ವೋಚ್ಚ ನ್ಯಾಯಾಲಯ ಖುಲಾಸೆಗೊಳಿಸಿದ ಮಥುರಾ ಪ್ರಕರಣವು ದೇಶವ್ಯಾಪಿ ಪ್ರತಿಭಟನೆಗೆ ಕಾರಣವಾಗಿ, 1983ರಲ್ಲಿ ಅತ್ಯಾಚಾರದ ಕಾನೂನು ತಿದ್ದುಪಡಿಯಾಯಿತು. ಗಂಡ ಮತ್ತು ಅವನ ಬಂಧುಗಳ ಕ್ರೌರ್ಯವನ್ನು ಅಪರಾಧವೆಂದು ಸಾರಿದ ಭಾರತೀಯ ದಂಡ ಸಂಹಿತೆಯ 498ಎ ಕಲಮು ಬಂದದ್ದೂ ಅದೇ ವರ್ಷ. 1979ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವಿಮೋಚನಾ ಸಂಘಟನೆಯು ‘ಸ್ಟೌವ್ ಸಿಡಿದು ಸಾವು’ ಎಂದು ಕಡತ ಮುಚ್ಚಲಾಗುತ್ತಿದ್ದ ಗೃಹಿಣಿಯರ ಸಾವುಗಳನ್ನು 1990ರ ದಶಕದಲ್ಲಿ ಬೆನ್ನುಹತ್ತಿ, ಆಕಸ್ಮಿಕವೆಂಬ ಷರಾ ಎಷ್ಟು ಸುಲಭವಾಗಿ ಹಿಂಸೆಯನ್ನು ಮರೆಮಾಡುತ್ತದೆಂಬುದನ್ನು ತೋರಿಸಿಕೊಟ್ಟಿತು. 1989ರಲ್ಲಿ ರಾಜ್ಯದ ಕೆಲವು ಜಿಲ್ಲೆಗಳಲ್ಲಿ ಆರಂಭವಾದ ಮಹಿಳಾ ಸಮಖ್ಯಾ ಯೋಜನೆಯ ಸಂಘಗಳಾದರೋ ನಾರಿ ಅದಾಲತ್‌ಗಳ ಮೂಲಕ ಗಂಡಸರ ಪಂಚಾಯಿತಿ ಕಟ್ಟೆಗೆ ಪ್ರತಿಯಾಗಿ ಹೆಂಗಸರೇ ಕೂತು ವಿಚಾರಿಸುವ ಮಾದರಿಯೊಂದನ್ನು ನಿಲ್ಲಿಸಿದವು.

ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ದಾವಣಗೆರೆ ಮತ್ತು ಹರಿಹರಕ್ಕೆ ಜಿಲ್ಲಾ ಮಟ್ಟದ ಕಚೇರಿಗಳು ಹತ್ತಿರವಾದದ್ದು 1997ರ ಆಗಸ್ಟ್ 15ರಂದು ಹೊಸ ಜಿಲ್ಲೆ ರಚನೆಯಾದ ಮೇಲೆ. ರಾಜ್ಯ ಸರ್ಕಾರವು 2000–01ರಲ್ಲಿ ಜಾರಿಗೊಳಿಸಿದ ಸಾಂತ್ವನ ಯೋಜನೆಯಡಿ ಸ್ವಯಂಸೇವಾ ಸಂಸ್ಥೆಗಳು ನಡೆಸುವ ಕೇಂದ್ರಗಳು ಮೊದಲು ಜಿಲ್ಲಾ ಕೇಂದ್ರಗಳಿಗೆ, ಅನಂತರ ತಾಲ್ಲೂಕುಗಳಿಗೆ ಹಬ್ಬಿದವು. ಆಪ್ತ ಸಮಾಲೋಚನೆ, ತಾತ್ಕಾಲಿಕ ಆಶ್ರಯ, ಕಾನೂನು ನೆರವು, 1091 ಸಹಾಯವಾಣಿ ಇವುಗಳ ಕೆಲಸ. ಆಪ್ತ ಸಮಾಲೋಚನೆಯೆಂದರೆ ನೊಂದವಳ ಮಾತನ್ನು ಗುಟ್ಟಾಗಿ ಆಲಿಸಿ, ಅವಳ ಮುಂದಿರುವ ದಾರಿಗಳನ್ನು ತಿಳಿಸಿ, ಆಯ್ಕೆಯನ್ನು ಅವಳಿಗೇ ಬಿಡುವುದು. ಆದರೆ ಗಂಡ–ಹೆಂಡಿರನ್ನು ಎದುರುಬದುರು ಕೂರಿಸಿ ಮುಚ್ಚಳಿಕೆ ಬರೆಸಿಕೊಳ್ಳುವಾಗ, ಹಳೆಯ ಪಂಚಾಯಿತಿಯೇ ಹೊಸ ಕುರ್ಚಿಯಲ್ಲಿ ಕೂರುವ ಅಪಾಯ ಇದ್ದೇ ಇರುತ್ತದೆ.

ಹಕ್ಕಿನ ಘಟ್ಟ

2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯು ದೈಹಿಕ, ಲೈಂಗಿಕ, ಮಾನಸಿಕ ಹಾಗೂ ಆರ್ಥಿಕ ಹಿಂಸೆಗಳನ್ನು ಒಂದೇ ವ್ಯಾಖ್ಯೆಯೊಳಗೆ ತಂದು, ಮನೆ ಯಾರ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕನ್ನು ಹೆಂಡತಿಗೆ ಕೊಟ್ಟಿತು. ಕರ್ನಾಟಕದ ತಾಲ್ಲೂಕುಗಳಲ್ಲಿ ಸಂರಕ್ಷಣಾಧಿಕಾರಿಯ ಹೊಣೆ ಬಿದ್ದದ್ದು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಮೇಲೆ. ಹರಿಹರದ ಮಹಿಳೆಯೊಬ್ಬಳು ದೂರು ಕೊಟ್ಟರೆ, ಅಂಗನವಾಡಿಗಳ ಉಸ್ತುವಾರಿಯಲ್ಲಿ ಮುಳುಗಿರುವ ಈ ಅಧಿಕಾರಿಯೇ ಹಿಂಸೆ ಯಾವಾಗ, ಎಲ್ಲಿ, ಯಾರಿಂದ, ಯಾವ ಬಗೆಯದು ಎಂಬ ವಿವರಗಳನ್ನು ಕೌಟುಂಬಿಕ ಘಟನಾ ವರದಿಯ ನಿಗದಿತ ನಮೂನೆಯಲ್ಲಿ ತುಂಬಿ ಮ್ಯಾಜಿಸ್ಟ್ರೇಟರಿಗೆ ಸಲ್ಲಿಸಬೇಕು. ಮೂರು ದಿನಗಳೊಳಗೆ ಮೊದಲ ವಿಚಾರಣೆ ಗೊತ್ತುಮಾಡಬೇಕು, 60 ದಿನಗಳಲ್ಲಿ ಅರ್ಜಿ ಇತ್ಯರ್ಥಪಡಿಸಲು ಯತ್ನಿಸಬೇಕು ಎಂದು ಕಾಯ್ದೆ ಹೇಳುವುದರಿಂದ, ಆ ನಮೂನೆಯನ್ನು ಎಷ್ಟು ಬೇಗ, ಎಷ್ಟು ಎಚ್ಚರದಿಂದ ತುಂಬಲಾಯಿತು ಎಂಬುದರ ಮೇಲೆ ಅವಳ ಮುಂದಿನ ದಾರಿ ನಿಂತಿರುತ್ತದೆ.

ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ಈ ಹೊಣೆ ಆಸ್ಪತ್ರೆಯದಾಗುತ್ತದೆ. ಅಪರಾಧ ಕಾನೂನುಗಳಿಗೆ 2013ರಲ್ಲಿ ತಂದ ತಿದ್ದುಪಡಿಯು ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಆಸ್ಪತ್ರೆಗಳಿಗೂ ಉಚಿತ ಚಿಕಿತ್ಸೆಯನ್ನು ಕಡ್ಡಾಯಗೊಳಿಸಿ, ನಿರಾಕರಣೆಯನ್ನು ಅಪರಾಧವಾಗಿಸಿತು. ವೈದ್ಯಕೀಯ ಕಾಲೇಜುಗಳ ನಗರವಾದ ದಾವಣಗೆರೆಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿಯಂತೆ ತಪಾಸಣೆಯ ಪ್ರತಿ ಹಂತಕ್ಕೂ ಸಂತ್ರಸ್ತೆಯ ಒಪ್ಪಿಗೆ ಬೇಕು, ಎರಡು ಬೆರಳಿನ ಪರೀಕ್ಷೆ ಸಲ್ಲದು, ದೇಹದಿಂದ ಸಾಕ್ಷ್ಯ ಸಂಗ್ರಹಿಸಲು ಸಾಮಾನ್ಯವಾಗಿ 96 ಗಂಟೆಗಳ ಮಿತಿಯಿದೆ. ಎಚ್‌ಐವಿ ಸೋಂಕು ತಡೆಯುವ ಔಷಧಿಯನ್ನಾದರೆ 72 ಗಂಟೆಗಳೊಳಗೇ ಆರಂಭಿಸಬೇಕು. ಹೀಗಾಗಿ ಮಾನಕ್ಕಂಜಿ ಮನೆಯವರು ಎರಡು ದಿನ ತಡಮಾಡಿದರೂ ಚಿಕಿತ್ಸೆ ಮತ್ತು ಸಾಕ್ಷ್ಯ ಎರಡಕ್ಕೂ ಪೆಟ್ಟು ಬೀಳುತ್ತದೆ. ಚಿಕಿತ್ಸೆ, ಪೊಲೀಸ್ ನೆರವು, ಸಮಾಲೋಚನೆ, ಕಾನೂನು ಸಲಹೆ, ತಾತ್ಕಾಲಿಕ ವಸತಿಗಳನ್ನು ಒಂದೇ ಕಡೆ ಒದಗಿಸುವ ಉದ್ದೇಶದ ಸಖಿ ಕೇಂದ್ರಗಳ ಯೋಜನೆ 2015ರ ಏಪ್ರಿಲ್ 1ರಂದು ಆರಂಭವಾಯಿತು. 181 ಮಹಿಳಾ ಸಹಾಯವಾಣಿಯ ಯೋಜನೆಯೂ ಅಂದಿನದೇ.

ಉಪಸಂಹಾರ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಗಂಡನಿಂದ ಹಿಂಸೆ ಅನುಭವಿಸಿದ ವಿವಾಹಿತೆಯರ ಪ್ರಮಾಣ ಕರ್ನಾಟಕದಲ್ಲಿ 2015–16ರಲ್ಲಿ ಶೇ. 20.6 ಇದ್ದದ್ದು 2019–21ರಲ್ಲಿ ಶೇ. 44.4ಕ್ಕೆ ಏರಿತು, ರಾಷ್ಟ್ರದ ಸರಾಸರಿ ಶೇ. 29.3 ಮಾತ್ರ. ಹಿಂಸೆಯನ್ನು ಬಾಯಿಬಿಟ್ಟು ಹೇಳುವ ಧೈರ್ಯ ಹೆಚ್ಚಿರುವುದೂ ಈ ಏರಿಕೆಗೆ ಒಂದು ಕಾರಣವಿರಬಹುದು. ಆದರೆ ಹಿಂಸೆಗೊಳಗಾದವರಲ್ಲಿ ನೆರವು ಕೇಳಿದವರು ದೇಶದಲ್ಲಿ ಸುಮಾರು ಶೇ. 14ರಷ್ಟೇ ಎಂಬ ಅದೇ ಸಮೀಕ್ಷೆಯ ಮಾತು, ಕೇಂದ್ರಗಳನ್ನು ತೆರೆದಿಟ್ಟು ಕಾಯುವುದಷ್ಟೇ ಸಾಲದೆಂಬುದನ್ನು ಸ್ಪಷ್ಟಪಡಿಸುತ್ತದೆ. ನೊಂದವಳು ಮೊದಲು ಬಾಯಿಬಿಡುವುದು ಅಕ್ಕನ ಹತ್ತಿರ, ನೆರೆಯವಳ ಹತ್ತಿರ, ಸ್ತ್ರೀಶಕ್ತಿ ಸಂಘದ ಸದಸ್ಯೆಯ ಹತ್ತಿರ, ಆಶಾ ಕಾರ್ಯಕರ್ತೆಯ ಹತ್ತಿರ. ಇವರಿಗೆ ರಾಜಿ ಮಾಡಿಸುವ ಹಳೆಯ ಪಾಠದ ಬದಲು ಆಸ್ಪತ್ರೆಯ ಗಡುವನ್ನೂ ಸಂರಕ್ಷಣಾಧಿಕಾರಿಯ ಕಚೇರಿಯ ದಾರಿಯನ್ನೂ ಕಲಿಸಬೇಕು; ಅಂಗನವಾಡಿಯ ಹೊರೆಯಿಲ್ಲದ ಪೂರ್ಣಾವಧಿ ಸಂರಕ್ಷಣಾಧಿಕಾರಿಯನ್ನು ಪ್ರತಿ ತಾಲ್ಲೂಕಿಗೂ ನೇಮಿಸಬೇಕು. ಎಷ್ಟು ಸಂಸಾರಗಳನ್ನು ಮತ್ತೆ ಕೂಡಿಸಲಾಯಿತು ಎಂಬ ಲೆಕ್ಕವನ್ನು ಬಿಟ್ಟು, ಎಷ್ಟು ಮಹಿಳೆಯರು ಹಿಂಸೆಯಿಂದ ಪಾರಾದರು ಎಂಬುದನ್ನು ಅಳತೆಗೋಲಾಗಿಸಿದಾಗ ಮಾತ್ರ ಈ ವ್ಯವಸ್ಥೆ ಹಕ್ಕಿನ ಘಟ್ಟವನ್ನು ನಿಜವಾಗಿ ತಲುಪಿತೆನ್ನಬಹುದು.